ವೇಲ್ಸಿನಲ್ಲಿ ಸ್ತೋತ್ರ ಕಳಕೊಂಡದ್ದು

ಕೂಡ್ಲಿಗಿ ಬಿಡುವ ಮೊದಲು

ವೇಲ್ಸಿಗೆ ಹೋಗಿ ಬಂದ ಮೇಲೆ ನಮ್ಮ ಕಡೆಯ ಮಂದಿ ನನ್ನನ್ನು ಕೇಳಿದ್ದು ಎರಡೇ ಸಂಗತಿ. ಅಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ, ಆ ಜನ ದಿನಾ ಸ್ನಾನ ಮಾಡುತ್ತಾರೋ ಇಲ್ಲವೋ. ಎರಡಕ್ಕೂ ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಪ್ರಾರ್ಥನೆ ಹೇಗಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ನನ್ನನ್ನು ಕಳಿಸಿದ್ದೇ ಅದಕ್ಕೆ.

ಎಂಬತ್ತರ ದಶಕ ಆಗಿನ್ನೂ ಶುರುವಾಗಿತ್ತು. ನಾನು ಕೂಡ್ಲಿಗಿಯಲ್ಲಿ ಶಾಲೆಯ ಮೇಷ್ಟ್ರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಕಡೆ ಸೇರಿ ನಮ್ಮ ಕ್ರೈಸ್ತ ಸಭೆಗೆ ಒಬ್ಬರೇ ಪಾದ್ರಿ. ಅವರು ಹಡಗಲಿಯಲ್ಲಿದ್ದರೆ ಹರಪನಹಳ್ಳಿಯವರು ಬಾಗಿಲು ನೋಡುತ್ತ ಕೂತಿರಬೇಕು. ಹಾಗಾಗಿ ಭಾನುವಾರ ಬಂತೆಂದರೆ ಸಭೆಯ ಹಿರಿಯನೆಂದು ನಾನೂ ಒಂದು ಬಸ್ಸು ಹತ್ತುತ್ತಿದ್ದೆ. ನನಗೆ ಉಪದೇಶ ಮಾಡಲು ಬರುತ್ತಿರಲಿಲ್ಲ, ಪ್ರಾರ್ಥನೆ ಬರುತ್ತಿತ್ತು. ಎಂಥ ಪ್ರಾರ್ಥನೆ ಎಂದರೆ, ಪುಸ್ತಕದ ಕನ್ನಡದಲ್ಲಿ, ಒಂದೊಂದು ವಾಕ್ಯವೂ ಜರಿ ಅಂಚಿನ ಸೀರೆ ಬಿಚ್ಚಿ ಹರವಿದ ಹಾಗೆ. ವಾಕ್ಯದ ಕೊನೆಗೆ ಒಂದು ಸ್ತೋತ್ರ. ನಮ್ಮ ಕನ್ನಡ ಕ್ರೈಸ್ತರಿಗೆ ಸ್ತೋತ್ರ ಎಂದರೆ ಎದುರು ಸಿಕ್ಕವರಿಗೆ ನಮಸ್ಕಾರವೂ ಹೌದು, ದೇವರಿಗೆ ವಂದನೆಯೂ ಹೌದು, ಮುಂದಿನ ಮಾತು ಹೊಳೆಯುವ ತನಕ ಎಳೆಯುವ ಉಸಿರೂ ಹೌದು. ನಾನು ‘ಸ್ತೋತ್ರ ತಂದೆಯೇ’ ಎಂದರೆ ಜನ ‘ಆಮೆನ್’ ಎನ್ನುವರು. ನಾನು ದನಿ ಏರಿಸಿದರೆ ಅವರೂ ಏರಿಸುವರು. ಹೀಗೆ ಐದೂ ಊರಲ್ಲಿ ‘ಕೂಡ್ಲಿಗಿ ಮೇಷ್ಟ್ರ ಪ್ರಾರ್ಥನಿ’ ಎಂದರೆ ಒಂದು ಹೆಸರಾಗಿತ್ತು.

ನಮ್ಮ ಸಭೆಯೊಂದಿಗೆ ಹಳೆಯ ನಂಟಿದ್ದ ವೇಲ್ಸಿನ ಒಂದು ಸಣ್ಣ ಸಭೆಯವರು, ನಿಮ್ಮಲ್ಲಿ ಚೆನ್ನಾಗಿ ಪ್ರಾರ್ಥಿಸುವ ಒಬ್ಬರನ್ನು ಒಂದು ತಿಂಗಳು ಕಳಿಸಿ, ನಮ್ಮವರ ಪ್ರಾರ್ಥನೆ ಒಣಗಿದೆ ಎಂದು ಬರೆದಿದ್ದರಂತೆ. ಎಲ್ಲರ ಬೆರಳೂ ನನ್ನ ಕಡೆ ತಿರುಗಿತು.

ನನ್ನ ಮನೆಯ ಪ್ರಾರ್ಥನೆ ಒಣಗಿ ಆಗಲೇ ವರ್ಷ ದಾಟಿತ್ತು ಎಂದು ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ನಮಗೆ ಒಬ್ಬಳೇ ಮಗಳು, ರೂತ. ಆರು ವರ್ಷದವಳು. ಮೂರು ದಿನದ ಜ್ವರಕ್ಕೆ ಹೋದಳು. ಮಣ್ಣು ಮಾಡುವ ಹೊತ್ತಿಗೆ ಪಾದ್ರಿ ಬಂದು ಮುಟ್ಟಲಿಲ್ಲ, ನಾನೇ ಪ್ರಾರ್ಥಿಸಿದೆ. ಈ ಎಳೆಯ ಹೂವನ್ನು ನಿನ್ನ ತೋಟಕ್ಕೆ ಆರಿಸಿಕೊಂಡೆಯಲ್ಲ, ಸ್ತೋತ್ರ ಎಂದೆ. ಐದೂ ಊರಿನ ಮಂದಿ ಅತ್ತರು. ನನ್ನ ಹೆಂಡತಿ ಸಾರಮ್ಮ ಅಳಲಿಲ್ಲ. ಅವತ್ತಿನಿಂದ ಅವಳು ನಾನು ಪ್ರಾರ್ಥಿಸುವಾಗ ಕಣ್ಣು ಮುಚ್ಚುವುದನ್ನು ಬಿಟ್ಟಳು. ಊಟಕ್ಕೆ ಮುಂಚೆ ನಾನು ಬಾಯಿ ತೆರೆದರೆ ಒಲೆಯ ಕಡೆ ತಿರುಗಿ ಕೂಡುವಳು. ಜಗಳವಿಲ್ಲ, ಬೈಗುಳವಿಲ್ಲ. ಅಡುಗೆಗೆ ಉಪ್ಪು ಖಾರ ಮೊದಲಿನಂತೆ. ನಮ್ಮಿಬ್ಬರ ನಡುವೆ ಮಗಳ ಹೆಸರು ಮಾತ್ರ ನಿಂತುಹೋಯಿತು. ದುಃಖ ಕಡಿಮೆಯಾದರೆ ಸರಿಹೋಗುತ್ತಾಳೆ ಎಂದು ನಾನು ಕಾದೆ. ಒಂದೇ ಒಂದು ಸಲ ಅವಳು ಮತ್ತೆ ನನ್ನ ಜೊತೆ ಪ್ರಾರ್ಥನೆಗೆ ಕೂತರೆ ಸಾಕಿತ್ತು ನನಗೆ. ಅವಳು ಕೂಡಲಿಲ್ಲ.

ಹೊರಡುವ ಬೆಳಿಗ್ಗೆ ಪೆಟ್ಟಿಗೆಗೆ ಶೇಂಗಾ ಚಟ್ನಿಪುಡಿ ತುಂಬಿ, ಗಂಟು ಬಿಗಿದು, ನನ್ನ ಮುಖ ನೋಡದೆ ಹೇಳಿದಳು.

“ಅಲ್ಲಿ ಯಾರರ ಸತ್ರ ಸುಮ್ನ ಇರ್ರಿ.”

ಬೊಂಬಾಯಿ ಮುಟ್ಟುವ ತನಕ ಬೇರೇನೂ ನನ್ನ ಕಿವಿಗೆ ಬೀಳಲಿಲ್ಲ.

ತಪ್ಪಿ ಇಳಿದ ನಿಲ್ದಾಣ

ಲಂಡನ್ನಿನ ಬಗ್ಗೆ ಬರೆಯುವಷ್ಟು ಲಂಡನ್ನನ್ನು ನಾನು ನೋಡಲಿಲ್ಲ. ಯಾರೋ ಪುಣ್ಯಾತ್ಮರು ವಿಮಾನದಿಂದ ಇಳಿಸಿಕೊಂಡು ರೈಲು ಹತ್ತಿಸಿ, ನಾನು ಇಳಿಯಬೇಕಾದ ಊರಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ವೇಲ್ಸಿನ ಊರ ಹೆಸರುಗಳನ್ನು ನೀವು ನೋಡಬೇಕು. ಸ್ವರವೆಂಬುದು ಹುಡುಕಿದರೂ ಸಿಗದು, ಬರೀ ವ್ಯಂಜನಗಳು ಒಂದರ ಹೆಗಲ ಮೇಲೊಂದು ಕೂತಿರುತ್ತವೆ. ಚೀಟಿಯ ಹೆಸರಿನ ತಲೆ ಒಂದು ಹಲಗೆಯ ಮೇಲೆ ಕಂಡಿತು, ದಡಬಡಿಸಿ ಇಳಿದೆ. ರೈಲು ಹೋದ ಮೇಲೆ ನೋಡಿದರೆ ತಲೆ ಅದೇ, ಬಾಲ ಬೇರೆ.

ನಮ್ಮಲ್ಲಿ ಕೊಟ್ಟೂರಿಗೆ ಹೋಗುವವನು ಕಣ್ತಪ್ಪಿ ಉಜ್ಜಿನಿಯಲ್ಲಿ ಇಳಿದನೆನ್ನಿ. ಯಾವೂರು, ಯಾರ ಪೈಕಿ, ಹೆಣ್ಣು ಕೊಟ್ಟವರು ಯಾರು ಎಂದು ಕೇಳುವುದಕ್ಕೆ ನಾಲ್ಕು ಜನ ನೆರೆಯುತ್ತಾರೆ. ಯಾವ ಬಸ್ಸಿಗೆ ಹತ್ತಿಸಬೇಕೆಂದು ಅವರವರಲ್ಲೇ ಜಗಳ ಹತ್ತಿ, ಅದು ಮುಗಿಯುವುದರೊಳಗೆ ಚಹಾ ಬಂದಿರುತ್ತದೆ. ಈ ನಿಲ್ದಾಣದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಟಿಕೆಟು ಕೇಳುವವನೂ ಇಲ್ಲ. ಒಂದು ಬೆಂಚು, ನಾನು, ನನ್ನ ಕಂಬಳಿ. ಆ ಕಂಬಳಿಯನ್ನು ಕೊಟ್ಟೂರಿನ ಜವಳಿ ಅಂಗಡಿಯ ಕೊಟ್ರಬಸಪ್ಪನವರು, “ಅಲ್ಲಿ ಥಂಡಿ ಭಾಳಂತ್ರಿ ಮೇಷ್ಟ್ರ” ಎಂದು ಹೊದಿಸಿ ಕಳಿಸಿದ್ದರು. ಅದನ್ನೇ ತಲೆ ಮೇಲಿಂದ ಹೊದ್ದು ಕೂತೆ. ಇಂಥ ಹೊತ್ತಿಗಲ್ಲದೆ ಇನ್ನು ಯಾವಾಗ ಎಂದು ಪ್ರಾರ್ಥನೆಗೆ ಬಾಯಿ ತೆರೆದೆ. ‘ಸ್ತೋತ್ರ ತಂದೆಯೇ’ ಎಂದೆ. ಮುಂದೇನೂ ಬರಲಿಲ್ಲ. ಇನ್ನೊಂದು ಸಲ ಎಂದೆ. ಯಾರೂ ಆಮೆನ್ ಎನ್ನಲಿಲ್ಲ. ಹಳಿಯ ಆಚೆ ನಿಂತಿದ್ದ ಒಂದು ಕುರಿ ನನ್ನನ್ನು ನೋಡಿ ಮತ್ತೆ ಮೇಯತೊಡಗಿತು.

ಎರಡು ತಾಸು ಕಳೆದು ಒಂದು ಹಳೆಯ ಜೀಪು ಬಂತು. ಹೊಸಬರೆಲ್ಲ ಇಲ್ಲೇ ತಪ್ಪಿ ಇಳಿಯುತ್ತಾರೆಂದು ಗೊತ್ತಿದ್ದು ಹುಡುಕಿಕೊಂಡು ಬಂದವರು, ನಾನು ಉಳಿದುಕೊಳ್ಳಬೇಕಿದ್ದ ಮನೆಯ ಯಜಮಾನರೇ.

ಇದ್ರಿಸ್ ಅವರ ಮನೆ

ಅವರ ಹೆಸರು ಇದ್ರಿಸ್ ಎಂದು ಕಾಗದದಲ್ಲಿ ಓದಿದಾಗ, ಯಾರೋ ನಮ್ಮ ಹರಪನಹಳ್ಳಿ ಕಡೆಯ ಸಾಬರು ಅಲ್ಲಿ ಹೋಗಿ ನೆಲೆಸಿರಬೇಕು, ಊಟದ ಚಿಂತೆಯಿಲ್ಲ ಎಂದು ನಾನು ಖುಷಿಪಟ್ಟಿದ್ದೆ. ನೋಡಿದರೆ ಕೆಂಪು ಮೂಗಿನ, ಬಿಳಿ ಹುಬ್ಬಿನ, ಎಪ್ಪತ್ತು ದಾಟಿದ ಕುರಿ ಸಾಕುವ ಮುದುಕ. ಅದು ಅವರಲ್ಲಿ ಹಳೆಯ ಕಾಲದ ಹೆಸರಂತೆ. ಅವರ ಮಾತು ವೇಲ್ಸ್ ಭಾಷೆ, ನನ್ನದು ಕನ್ನಡ. ನಡುವಿನ ಇಂಗ್ಲಿಷು ಇಬ್ಬರಿಗೂ ಎರವಲು ಅಂಗಿ, ತೋಳು ಅವರಿಗೆ ಗಿಡ್ಡ, ನನಗೆ ಉದ್ದ. ಆದ್ದರಿಂದ ಅವರ ಮಾತನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಅವರು ಮೊದಲು ಕುಶಲ ಕೇಳಿದ್ದು ನನ್ನ ಕಂಬಳಿಯನ್ನು. ಮೂಸಿದರು, ತಿಕ್ಕಿ ನೋಡಿದರು, ಎಳೆ ಹಿಂಜಿದರು. ಕರಿ ಕುರಿಯದ್ದು, ಒಣ ನೆಲದ್ದು, ಒಳ್ಳೆಯ ಕೈ ನೇಯ್ದದ್ದು ಎಂದು ಹೇಳಿ ನನ್ನ ಕೈ ಕುಲುಕಿದರು.

ಅವರ ಹೆಂಡತಿ ಮೆಗನ್ ತೀರಿಕೊಂಡು ಎರಡು ವರ್ಷವಾಗಿತ್ತು. ಒಲೆಯ ಎದುರಿಗೆ ಎರಡು ಕುರ್ಚಿ. ಒಂದರಲ್ಲಿ ಯಾರೂ ಕೂಡುವುದಿಲ್ಲವೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಆ ಮನೆಯಲ್ಲಿ ಅದು ಹಬ್ಬ. ಬೆಳಿಗ್ಗೆ ಮುಗಿಲು ನೋಡಿ ಅದರ ಬಗ್ಗೆ ಒಂದು ಮಾತು, ಸಂಜೆ ಇನ್ನೊಂದು. ನಮ್ಮಲ್ಲಿ ದಾರಿಯಲ್ಲಿ ಹೋಗುವವರೂ “ಊಟ ಆತೇನ್ರಿ?” ಎನ್ನುತ್ತಾರಲ್ಲ, ಆಗಿರಲಿ ಬಿಡಲಿ ‘ಆತ್ರಿ’ ಎನ್ನುತ್ತೇವಲ್ಲ, ಅಷ್ಟು ಸಣ್ಣ ಮಾತು ಮನುಷ್ಯನಿಗೆ ಎಷ್ಟು ಆಸರೆ ಎಂದು ಅಲ್ಲಿ ತಿಳಿಯಿತು. ಒಂದು ದಿನ ನಾನೇ ಅವರನ್ನು ಊಟ ಆಯಿತೇ ಎಂದು ಕೇಳಿದೆ. ಈಗ ತಾನೇ ನಿನ್ನ ಜೊತೆಗೇ ಕೂತು ಉಂಡೆನಲ್ಲ ಎಂದು ಅವರು ಗಾಬರಿಯಾದರು.

ಕುರಿ ಕಾಯುವುದೂ ಅಲ್ಲಿ ಬೇರೆ. ನಮ್ಮ ಕುರುಬರು ಕುರಿಯ ಹಿಂದೆ ನಡೆಯುತ್ತ ದಿನವಿಡೀ ಅದರ ಜೊತೆ ಮಾತಾಡುತ್ತಾರೆ, ಬೈಯುತ್ತಾರೆ, ಅದರ ಅವ್ವನ ಸುದ್ದಿ ತೆಗೆಯುತ್ತಾರೆ. ಇವರು ಬೇಲಿಯ ಹತ್ತಿರ ನಿಂತು ನಾಯಿಗೆ ಸಿಳ್ಳು ಹಾಕುತ್ತಾರೆ. ಕುರಿಗೆ ಏನು ಹೇಳಬೇಕೋ ಅದನ್ನು ನಾಯಿ ಹೇಳುತ್ತದೆ.

ಮೊದಲ ಭಾನುವಾರ

ಚರ್ಚಿನಲ್ಲಿ ಇಪ್ಪತ್ತು ಜನ, ಹೆಚ್ಚಿನವರು ತಲೆ ನೆರೆತವರು. ನಿಮ್ಮ ಭಾಷೆಯಲ್ಲೇ ಪ್ರಾರ್ಥಿಸಿ ಎಂದರು. ಇದ್ರಿಸ್ ನನ್ನನ್ನು ಬಾಗಿಲ ತನಕ ಬಿಟ್ಟು, ತಾವು ಜೀಪಿನಲ್ಲೇ ಕೂತರು. ಹೆಂಡತಿಯನ್ನು ಮಣ್ಣು ಮಾಡಿದ ಮೇಲೆ ಅವರು ಒಳಗೆ ಬರುವುದಿಲ್ಲವಂತೆ.

ನಾನು ಎದ್ದು ನಿಂತು ಶುರು ಮಾಡಿದೆ. ಮೊದಲ ಎರಡು ವಾಕ್ಯ ಜರಿ ಅಂಚಿನವೇ ಬಂದವು. ಸ್ತೋತ್ರ ಎಂದೆ. ಸದ್ದಿಲ್ಲ. ದನಿ ಏರಿಸಿದೆ. ಸದ್ದಿಲ್ಲ. ಒಂದು ಕಣ್ಣು ತೆರೆದು ನೋಡಿದೆ. ಎಲ್ಲರೂ ತಲೆ ತಗ್ಗಿಸಿದ್ದಾರೆ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಪೆಪ್ಪರಮಿಂಟಿನ ಕಾಗದವನ್ನು ಸದ್ದಾಗದಂತೆ ಬಿಚ್ಚುತ್ತಿದ್ದಾಳೆ. ಕಟ್ಟೆಯಿಲ್ಲದ ಬಾವಿಯ ಹತ್ತಿರ ಕಾಲಿಟ್ಟಂತಾಯಿತು. ಎಷ್ಟೋ ಸ್ತೋತ್ರಗಳನ್ನು ಒಂದರ ಹಿಂದೊಂದು ಜೋಡಿಸಿ, ಹೇಗೋ ದಡ ಸೇರಿ ಕೂತೆ.

ಆಮೇಲೆ ಎಲ್ಲರೂ ಕೈ ಕುಲುಕಿ ಬಹಳ ಚೆನ್ನಾಗಿತ್ತು ಎಂದರು. ಪೆಪ್ಪರಮಿಂಟಿನ ಅಜ್ಜಿ ಹತ್ತಿರ ಬಂದು, ಒಂದೇ ಪದ ಮತ್ತೆ ಮತ್ತೆ ಬಂತಲ್ಲ, ಸ್ತೋತ್ರ ಎಂದು, ಅದು ನಿಮ್ಮ ಭಾಷೆಯಲ್ಲಿ ದೇವರ ಹೆಸರೇ ಎಂದು ಕೇಳಿದಳು. ಅಲ್ಲ, ಅದರರ್ಥ ವಂದನೆ ಎಂದೆ. ಹಾಗಾದರೆ ದೇವರಿಗೆ ಬೇರೆ ಏನೂ ಹೇಳಲಿಲ್ಲವೇ ಎಂದಳು. ಕುಹಕವಿರಲಿಲ್ಲ, ತಿಳಿಯುವ ಆಸೆಗೆ ಕೇಳಿದ್ದು. ಪಾಪ, ನನಗೊಂದು ಪೆಪ್ಪರಮಿಂಟೂ ಕೊಟ್ಟಳು.

ಕಪ್ಪು ಒಡೆದದ್ದು ಬುಧವಾರ

ಅಲ್ಲಿ ಊಟದ ಪಾತ್ರೆಗಳನ್ನು ಗಂಡಸರೂ ತೊಳೆಯುತ್ತಾರೆ. ನಾನೂ ನಿಂತೆ. ನೀಲಿ ಹೂವಿನ ಒಂದು ಚಹಾ ಕಪ್ಪು, ಸೋಪಿನ ನೊರೆಗೆ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ನನ್ನ ಬಾಯಿಂದ ಹೊರಟ ಮಾತು, ನಮ್ಮವರಿಗೆಲ್ಲ ಹೊರಡುವಂತೆ, ‘ಸ್ತೋತ್ರ!’

ಇದ್ರಿಸ್ ಬಗ್ಗಿ ಚೂರುಗಳನ್ನು ಆರಿಸತೊಡಗಿದರು. ಆ ಮಾತಿಗೆ ಅರ್ಥವೇನು ಎಂದರು. ದೇವರಿಗೆ ವಂದನೆ ಎಂದೆ.

“ಯಾತಕ್ಕೆ ವಂದನೆ? ಇದು ಮೆಗನ್‌ಳ ಕಪ್ಪು.”

ಸಿಟ್ಟಿರಲಿಲ್ಲ ಆ ದನಿಯಲ್ಲಿ, ಅದೇ ನನಗೆ ಕಷ್ಟವಾದದ್ದು. ಅದು ನಮ್ಮ ರೂಢಿ ಎಂದು ವಿವರಿಸಿದೆ. ಬಸ್ಸು ಸಿಕ್ಕರೆ ಸ್ತೋತ್ರ, ತಪ್ಪಿದರೂ ಸ್ತೋತ್ರ. ಮಳೆ ಬಂದರೂ ಅದೇ, ಹೋದರೂ ಅದೇ. ಅವರು ಚೂರುಗಳನ್ನು ಅಂಗೈಯಲ್ಲಿ ಜೋಡಿಸಿ ನೋಡುತ್ತ, ಸಾವಿಗೂ ಹೇಳುತ್ತೀರಾ ಎಂದು ಕೇಳಿದರು. ಹೇಳುತ್ತೇವೆ ಎಂದೆ. ನನ್ನ ಪಾಕೀಟಿನಲ್ಲಿದ್ದ ರೂತಳ ಫೋಟೋ ಅವರು ನೋಡಿದ್ದರು, ಅವಳು ಹೋದದ್ದೂ ಅವರಿಗೆ ಗೊತ್ತಿತ್ತು. ಆ ಹುಡುಗಿಗೂ ಹೇಳಿದೆಯಾ ಎಂದರು. ಹ್ಞೂಂ ಎಂದೆ.

ಚೂರುಗಳನ್ನು ಮೇಜಿನ ಮೇಲಿಟ್ಟು ಅವರು ತಮ್ಮ ಕತೆ ಹೇಳಿದರು. ಮೆಗನ್ ತೀರಿಕೊಂಡಾಗ, ಅವಳಿಗೆ ನೋವಿನಿಂದ ಬಿಡುಗಡೆ ಕೊಟ್ಟದ್ದಕ್ಕೆ ಪಾದ್ರಿಗಳು ದೇವರನ್ನು ಬಹಳ ಸೊಗಸಾಗಿ ಕೊಂಡಾಡಿದರಂತೆ. ತಪ್ಪೇನೂ ಹೇಳಲಿಲ್ಲ, ನೋವು ಇದ್ದದ್ದು ನಿಜ. “ಆದರೆ ನನ್ನನ್ನು ಯಾರೂ ಕೇಳಲಿಲ್ಲ. ನಾನು ಇನ್ನೂ ಕೊಟ್ಟಿರಲಿಲ್ಲ ಅವಳನ್ನ” ಎಂದರು. ಪ್ರಾರ್ಥನೆಯ ಅರ್ಧಕ್ಕೆ ಎದ್ದು ಕುರಿಗಳ ಹತ್ತಿರ ಹೋದವರು, ಮತ್ತೆ ಚರ್ಚಿನ ಹೊಸ್ತಿಲು ತುಳಿದಿಲ್ಲ.

ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಒಲೆಯ ಕಡೆ ತಿರುಗಿ ಕೂತ ಸಾರಮ್ಮನ ಬೆನ್ನು ವರ್ಷದಿಂದ ನನಗೆ ಏನು ಹೇಳುತ್ತಿತ್ತೋ ಅದನ್ನು ಏಳು ಸಮುದ್ರದಾಚೆಯ ಒಬ್ಬ ಮುದುಕ ಹೇಳಿದ. ನಾನು ಅವಳನ್ನು ಕೇಳಿರಲಿಲ್ಲ. ಅವಳು ಇನ್ನೂ ಮಗಳನ್ನು ಬಿಟ್ಟುಕೊಟ್ಟಿರದಾಗ, ಅವಳ ಪರವಾಗಿ ನಾನು ವಂದನೆ ಸಲ್ಲಿಸಿ ಮುಗಿಸಿಬಿಟ್ಟಿದ್ದೆ.

ಗುಡ್ಡದ ಮೇಲೆ

ಅಂದಿನಿಂದ ಸ್ತೋತ್ರ ಎನ್ನದೆ ಪ್ರಾರ್ಥಿಸಿ ನೋಡಬೇಕೆಂದು ಹಟ ಹಿಡಿದೆ. ದಿನಾ ಬೆಳಿಗ್ಗೆ ಕಂಬಳಿ ಹೊದ್ದು ಮನೆಯ ಹಿಂದಿನ ಗುಡ್ಡ ಹತ್ತುತ್ತಿದ್ದೆ. ಕುರಿ, ಕಲ್ಲಿನ ಗೋಡೆ, ಗಾಳಿ. ಒಂದು ಮಾತೂ ಬರಲಿಲ್ಲ. ಗುಡಿಸಲಿನ ನಡುಗಂಬ ಕಿತ್ತರೆ ಚಪ್ಪರವೆಲ್ಲ ತಲೆಯ ಮೇಲೆ ಬರುವ ಹಾಗೆ ಆ ಒಂದು ಪದ ತೆಗೆದದ್ದಕ್ಕೆ ನನ್ನ ಇಪ್ಪತ್ತು ವರ್ಷದ ಪ್ರಾರ್ಥನೆ ಕುಸಿದು ಕೂತಿತು. ಬೇರೆ ದೇಶಕ್ಕೆ ಹೋದವನಿಗೆ ಮಂದಿಯಿಲ್ಲದ ಒಂಟಿತನ ಇರುತ್ತದೆ, ಅದು ಗೊತ್ತಿತ್ತು. ದೇವರೂ ಇಲ್ಲದ ಒಂಟಿತನ ಇರುತ್ತದೆಂದು ಗೊತ್ತಿರಲಿಲ್ಲ.

ಅಲ್ಲಿ ಕೂತಾಗ ನಮ್ಮ ಅಜ್ಜಿ ನೆನಪಾದಳು. ನನಗೆ ಮಾತು ಕಲಿಸಿದವಳು ಅವಳೇ. ಅಕ್ಷರ ಬಾರದವಳು, ನಮ್ಮ ಮನೆತನದಲ್ಲಿ ಮೊದಲು ಕ್ರಿಸ್ತನನ್ನು ನಂಬಿದವಳು. ಬೀಸುವಾಗ, ಕುಟ್ಟುವಾಗ ಪಕ್ಕದ ಮನೆಯವರೊಡನೆ ಆಡುವ ಹಾಗೆ ದೇವರೊಡನೆ ಆಡುತ್ತಿದ್ದಳು. “ಏನಪ್ಪಾ ಯೇಸಪ್ಪಾ, ನಿನ್ಗೇನ್ ಕಣ್ಣು ಕಾಣಂಗಿಲ್ಲೇನು? ಹಿಟ್ಟು ತೀರಿ ಎರಡ ದಿನ ಆತು” ಎಂದು ಗದರುತ್ತಿದ್ದಳು. ಓದು ಕಲಿತ ಮೇಲೆ ನನಗೆ ಅದನ್ನು ಕೇಳಿದರೆ ನಾಚಿಕೆ. ನಾನು ಪಾದ್ರಿಗಳ ಕನ್ನಡ ಕಲಿತೆ. ದೇವರಿಗೆ ನಾನೂ ಅಜ್ಜಿಯ ಹಾಗೆ ‘ನೀನು’ ಎಂದೇ ಅನ್ನುತ್ತಿದ್ದೆ, ದನಿ ಮಾತ್ರ ತಹಶೀಲ್ದಾರರಿಗೆ ಅರ್ಜಿ ಓದುವವನದು.

ಮುಂದಿನ ಭಾನುವಾರಗಳಲ್ಲಿ, ಗಂಟಲು ಸರಿಯಿಲ್ಲ ಎಂದು ಸುಳ್ಳು ಹೇಳಿ ಕೂತೆ. ಚರ್ಚಿನ ಪೆಪ್ಪರಮಿಂಟಿನ ಅಜ್ಜಿ ಒಂದೆರಡು ಹೆಚ್ಚೇ ಕೊಟ್ಟಳು.

ಹೊರಡುವ ಹಿಂದಿನ ಮಧ್ಯಾಹ್ನ

ಪೆಟ್ಟಿಗೆ ಕಟ್ಟಿ ಅಡುಗೆಮನೆಯಲ್ಲಿ ಕೂತಿದ್ದೆವು. ಚಟ್ನಿಪುಡಿಯ ಡಬ್ಬಿ ಅವರಿಗೇ ಬಿಟ್ಟಿದ್ದೆ. ಮೊದಲ ದಿನ ಅದನ್ನು ಚಿಟಿಕೆ ತಿಂದು ಕಣ್ಣೀರು ಸುರಿಸಿದವರು ಈಗ ಬೇಯಿಸಿದ ಆಲೂಗಡ್ಡೆಗೆ ಧಾರಾಳವಾಗಿ ಉದುರಿಸಿಕೊಳ್ಳುತ್ತಿದ್ದರು. ತಟ್ಟೆ ಸರಿಸಿ ಅವರು ಹೇಳಿದರು:

“ಪ್ರಾರ್ಥನೆಗೆಂದು ಕರೆಸಿದರು ನಿನ್ನನ್ನು. ನಾನು ಕೇಳಲೇ ಇಲ್ಲ. ಇಲ್ಲಿ ಮಾಡು. ನಿನ್ನ ಮಾತು ನನಗೆ ತಿಳಿಯುವುದಿಲ್ಲ, ಅದಕ್ಕೇ ಚೆಂದ ಮಾಡುವ ಕಾರಣವಿಲ್ಲ.”

ನಾನು ಕಣ್ಣು ಮುಚ್ಚಿದೆ. ಬಾಯಿಗೆ ಸ್ತೋತ್ರ ಬಂತು, ನುಂಗಿದೆ. ಮತ್ತೆ ಬಂತು, ಮತ್ತೆ ನುಂಗಿದೆ. ಕೊನೆಗೆ ಬಂದದ್ದು ಅಜ್ಜಿಯ ಮಾತು.

“ಯಪ್ಪಾ. ರೂತ ಹೋದ್ಲು. ನೀ ಮಾಡಿದ್ದು ನನಗ ಸೇರ್ಲಿಲ್ಲ. ಅವತ್ತ ಸೇರೇತಿ ಅಂತ ಹೇಳ್ದೆ, ಅದು ಸುಳ್ಳು. ಮಂದಿ, ಏನ್ ಧೈರ್ಯರಿ ಮೇಷ್ಟ್ರದು ಅಂದ್ರು. ನನಗ ಚಲೋ ಅನಿಸ್ತಪಾ. ನನ್ ಮಗಳ ಮಣ್ಣಿನ ಮ್ಯಾಲೆ ನಿಂತು ನನಗ ಚಲೋ ಅನಿಸ್ತು.”

ಆಮೇಲೆ ಮಗಳ ಹೆಸರನ್ನು ಎರಡು ಮೂರು ಸಲ ಕರೆದೆ, ಅಷ್ಟೇ. ಅತ್ತೆ ಎಂದು ಬರೆಯಲು ಈಗ ನಾಚಿಕೆಯಿಲ್ಲ.

ಎದುರಿನ ಕುರ್ಚಿಯಿಂದ ವೇಲ್ಸ್ ಭಾಷೆ ಶುರುವಾಯಿತು. ಮೊದಲು ತಡವರಿಸಿ, ಆಮೇಲೆ ತಡೆಯಿಲ್ಲದೆ. ಬೈದರೋ, ಕೇಳಿಕೊಂಡರೋ, ಕುರಿಯ ಲೆಕ್ಕ ಒಪ್ಪಿಸಿದರೋ, ನನಗೇನು ಗೊತ್ತು. ನಡುನಡುವೆ ಮೆಗನ್, ಮೆಗನ್ ಎನ್ನುವುದು ಮಾತ್ರ ತಿಳಿಯುತ್ತಿತ್ತು. ಅವರಿಗೆ ನನ್ನ ಮಾತಿನಲ್ಲಿ ರೂತ ಎಂಬುದಷ್ಟೇ ತಿಳಿದಿರಬೇಕು. ಮುಗಿದ ಮೇಲೆ ಅವರು ಎದ್ದು ಕಿಟಕಿಯಲ್ಲಿ ಮುಗಿಲು ನೋಡಿ ಅದರ ಬಗ್ಗೆ ಒಂದು ಮಾತು ಹೇಳಿದರು. ಹೌದೆಂದೆ.

ಕೂಡ್ಲಿಗಿ, ಉಣ್ಣುವ ಹೊತ್ತು

ಬಸ್ಸಿಳಿದಾಗ ಹತ್ತು ಗಂಟೆಯ ಬಿಸಿಲು. ಮನೆಯ ತನಕ ಎಂಟು ಜನ ಊಟ ಆತೇನ್ರಿ ಎಂದರು, ಎಂಟು ಜನಕ್ಕೂ ನಿಂತು ಉತ್ತರ ಕೊಟ್ಟೆ. ಓಣಿಯವರೆಲ್ಲ ಬಂದು ರೊಟ್ಟಿ, ಸ್ನಾನಗಳ ವಿಚಾರಣೆ ಮುಗಿಸಿ ಎದ್ದುಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು.

ಸಾರಮ್ಮ ತಾಟು ಇಟ್ಟಳು. ಅನ್ನ, ಬದನೆಕಾಯಿ ಪಲ್ಯ, ಸಾರು. ಬಡಿಸಿ, ನಾನು ಪ್ರಾರ್ಥಿಸುತ್ತೇನೆಂದು ಎಂದಿನಂತೆ ಒಲೆಯ ಕಡೆ ತಿರುಗಿ ಕೂತಳು.

“ತಂದೀ” ಎಂದೆ. ಮುಂದೆ ಹೋಗಲಾರದೆ ನಿಂತೆ. ಆಮೇಲೆ, ಹದಿನಾಲ್ಕು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಆಡದ ಹೆಸರನ್ನು ಆಡಿದೆ.

“ನಮ್ಮ ರೂತ ನಿನ್ ಹತ್ರ ಅದಾಳ. ನಾವು ಕೊಟ್ಟಿಲ್ಲ, ನೀನಾ ಕರಕೊಂಡಿ. ಅಕಿನ್ನ ಹೆಂಗ್ ನೋಡಿಕೊಳ್ತಿಯೋ ಏನೋ.”

ಅವಳ ಕೈಯಲ್ಲಿದ್ದ ಸೌಟು ಗಡಿಗೆಯ ಕಂಠಕ್ಕೆ ತಾಗಿ ಸದ್ದಾಯಿತು. ಎದ್ದು ಹೊರಗೆ ಹೋಗುತ್ತಾಳೆಂದು ತಿಳಿದೆ. ಅವಳು ಮುಖ ತಿರುಗಿಸದೆಯೇ ಮಾತಾಡಿದಳು.

“ಜಡಿ ಬಿಗಿಯಾಗಿ ಹೆಣದ್ರ ಅಕಿಗೆ ತಲಿ ನೋಯ್ತೈತಿ. ಹೇಳ್ರಿ.”

ಹೇಳಿದೆ. ಜಡೆ ಸಡಿಲಾಗಿ ಹೆಣೆ ಯಪ್ಪಾ, ಬಿಗಿದರೆ ತಲೆ ನೋಯುತ್ತದಂತೆ ಎಂದು, ಅವಳು ಹೇಳಿದ ಹಾಗೇ.

“ಹಾಲಿನ ಕೆನಿ ಸೇರಂಗಿಲ್ಲ ಅಕಿಗೆ. ಸೋಸಿ ಕೊಡಬೇಕು. ಹೇಳ್ರಿ.”

ಅದನ್ನೂ ಹೇಳಿದೆ. ಗುಡುಗಿಗೆ ಹೆದರುತ್ತಾಳೆ, ಮಗ್ಗುಲಲ್ಲಿ ಮಲಗಿಸಿಕೋ ಎಂದು ಹೇಳಿದೆ. ಎಡಗಾಲಿನ ಹಳೆಯ ಗಾಯ ಕೆರೆದುಕೊಳ್ಳುತ್ತಾಳೆ, ಬಿಡಬೇಡ ಎಂದು ಹೇಳಿದೆ. ಅವಳು ಒಂದೊಂದಾಗಿ ಕೊಡುತ್ತ ಹೋದಳು, ನಾನು ಮೇಲಕ್ಕೆ ದಾಟಿಸುತ್ತ ಹೋದೆ. ಅನ್ನ ಆರಿತು. ಯಾವಾಗ ತಿರುಗಿದಳೋ, ನನ್ನ ಮೊಣಕಾಲಿಗೆ ಅವಳ ಮೊಣಕಾಲು ತಾಗುವಷ್ಟು ಹತ್ತಿರ ಬಂದು ಕೂತಿದ್ದಳು.

ಇನ್ನೊಂದು ಮಾತು ಬಂತು. ಅದರ ಕೊನೆಗೆ ‘ಹೇಳ್ರಿ’ ಇರಲಿಲ್ಲ. ನಾನು ಕಾದೆ. ಅವಳ ಕಣ್ಣು ಮುಚ್ಚಿತ್ತು.

“ನೀ ಕರದ್ರ ಅಕಿ ಲಗೂನ ಬರಂಗಿಲ್ಲ. ಆಟದಾಗ ಇರ್ತಾಳ. ಬೈಬ್ಯಾಡ” ಎಂದು ಅವಳು ಹೇಳುತ್ತಿದ್ದಳು, ನನಗಲ್ಲ. ನಾನು ಬಾಯಿ ಮುಚ್ಚಿಕೊಂಡೆ.